ಹೇಳಬಾರದ ಹೆಸರು

ಹತ್ತು ಸೆಕೆಂಡು ಮೌನವಾದರೆ ಫೋನು ತಾನಾಗಿಯೇ ನಿಂತುಬಿಡುತ್ತಿತ್ತು. ಬೆಗಾಯಿಮ್ ಎರಡನೇ ಸಲವೂ ಅದೇ ಜಾಗದಲ್ಲಿ ಮೂಕಳಾದಳು. ಪರದೆಯ ಮೇಲೆ ಅಕ್ಷರ ಮೂಡಿತು: ಇನ್ನು ಒಂದೇ ಅವಕಾಶ.

ನಾರಿನ್ ಪಟ್ಟಣದ ಕಾಲೇಜು ಫೋನಿನಲ್ಲೇ ನಡೆಸುವ ಇಂಗ್ಲಿಷ್ ಮಾತಿನ ಪರೀಕ್ಷೆ. ಹನ್ನೆರಡು ಗಂಟೆಗೆ ಮುಗಿಯುತ್ತದೆ. ಪಾಸಾದರೆ ಊರ ಶಾಲೆಯ ಟೀಚರ್ ಕೆಲಸ ಅವಳದೇ, ಇಲ್ಲದಿದ್ದರೆ ಬೇರೆಯವರ ಪಾಲು. ಆರು ತಿಂಗಳಿಂದ ದಿನಾ ಬೆಳಿಗ್ಗೆ ಹಿಟ್ಟು ನಾದುತ್ತ, ಫೋನು ಹೇಳಿದ್ದನ್ನು ಗಟ್ಟಿಯಾಗಿ ಹೇಳಿ, ಅದು ತಪ್ಪೆಂದರೆ ಇಪ್ಪತ್ತು ಸಲ ತಿದ್ದಿಕೊಂಡು ನಾಲಿಗೆ ಪಳಗಿಸಿದ್ದಳು. ಹವಾಮಾನ, ಸಂತೆ, ಪ್ರಯಾಣ, ಏನು ಕೇಳಿದರೂ ತಡವರಿಸುತ್ತಿರಲಿಲ್ಲ. ಇವತ್ತು ಅದು ಕೇಳಿದ್ದು: ನಿಮ್ಮ ಮನೆಯವರನ್ನೆಲ್ಲ ಹೆಸರು ಹೇಳಿ ಪರಿಚಯಿಸಿ.

ಸೊಸೆಯಾದವಳು ಮಾವನ ಹೆಸರು ಹೇಳುವುದುಂಟೆ! ಆ ಹೆಸರಿನೊಳಗೆ ಅವರ ಭಾಷೆಯ ಕುರಿಮರಿ ಎಂಬ ಮಾತು ಸೇರಿಕೊಂಡಿದೆಯೆಂದು ಬೆಗಾಯಿಮ್ ಕೊಟ್ಟಿಗೆಯ ಮರಿಗಳನ್ನೂ 'ಬ್ಯಾ ಅನ್ನೋವು' ಎಂದೇ ಕರೆಯುತ್ತಿದ್ದಳು.

"ಯಾವ್ದೋ ಒಂದು ಹೆಸರು ಹೇಳಿ ಮುಗಿಸೇ," ಅತ್ತೆ ಒಲೆಗೆ ಬೆರಣಿ ಮುರಿದು ಹಾಕುತ್ತ ಹೇಳಿದರು.

"ಬದುಕಿರೋರಿಗೆ ಇನ್ಯಾರದೋ ಹೆಸರು ಇಡೋದಾ ಅತ್ತೆ? ಬೇಕಾದ್ರೆ ನನ್ನ ಬದಲು ನೀವೇ ಹೇಳ್ಬಿಡಿ."

"ನಾನಾ? ಮೂವತ್ತೆಂಟು ವರ್ಷ ಇಬ್ರೂ ಬರೀ 'ಓಯ್' ಅಂತಾನೇ ಸಂಸಾರ ಮಾಡಿದೀವಿ. ಈಗ ನಿನ್ನ ಪರೀಕ್ಷೆಗೋಸ್ಕರ ಬಾಯಿ ಕೆಡಿಸ್ಕೊಳ್ಳಲಾ?"

ಹನ್ನೆರಡಕ್ಕೆ ಏಳು ನಿಮಿಷ. ಬೆಗಾಯಿಮ್ ಫೋನನ್ನು ಚಹಾದ ಡಬ್ಬಿಗೆ ಒರಗಿಸಿ ಗುಂಡಿ ಒತ್ತಿದಳು. ಗಂಡನ ಹೆಸರು ಹೇಳಿದಳು, ಈಗಿನ ಸೊಸೆಯರಿಗೆ ಅಷ್ಟು ಸಲಿಗೆಯಿತ್ತು; ಮಗಳ ಹೆಸರು ಹೇಳಿದಳು. ಆಮೇಲೆ ಮಾವನ ಸರದಿ. ಪರದೆಯ ಮೂಲೆಯಲ್ಲಿ ಅಂಕಿ ಇಳಿಯತೊಡಗಿತು. ಏಳು. ಆರು. ಐದು.

ಬಾಗಿಲು ಸರಿಯಿತು. ಲಗಾಮು ಹೊಲಿಯುತ್ತಿದ್ದ ದಬ್ಬಣವನ್ನು ಕೈಯಲ್ಲೇ ಹಿಡಿದು ಬಂದ ಮಾವ, ಸೊಸೆಯ ಪಕ್ಕ ಮಂಡಿಯೂರಿ ಕೂತರು. ತಲೆಯ ಮೇಲಿನ ಬಿಳಿ ಟೋಪಿಯನ್ನು ನೆಟ್ಟಗೆ ಮಾಡಿಕೊಂಡರು.

"ಮೈ ನೇಮ್ ಈಸ್ ಕೋಜುಬೆಕ್," ಎಂದರು, ಹೆಪ್ಪುಗಟ್ಟಿದ ನದಿಯ ಮೇಲೆ ಹೆಜ್ಜೆಯಿಡುವವರ ಹಾಗೆ, ಒಂದೊಂದೇ ಪದವಾಗಿ. "ಐ ಆಮ್ ಶೆಫರ್ಡ್. ಮೈ ವೈಫ್ ಈಸ್ ಸಾಯ್ರಾ. ದಿಸ್ ಗರ್ಲ್ ಈಸ್ ಮೈ ಟೀಚರ್."

ಇಳಿಯುತ್ತಿದ್ದ ಅಂಕಿ ನಿಂತಿತು. ಬೆಗಾಯಿಮ್‌ ಮಾತು ಮುಂದುವರಿಸಿದಳು. ಮಾವ ಯಾವ ಹುಲ್ಲುಗಾವಲಿಗೆ ಮಂದೆ ಹೊಡೆಯುತ್ತಾರೆ, ಅತ್ತೆಯ ಕೈಯ ರೊಟ್ಟಿ ಎಷ್ಟು ರುಚಿ ಎಂದೆಲ್ಲ ನೀರು ಹರಿದ ಹಾಗೆ ಹೇಳಿ ಮುಗಿಸಿದಳು. 'ಸ್ವೀಕರಿಸಲಾಗಿದೆ' ಎಂದು ಫೋನು ಹಸಿರಾಯಿತು.

"ಮಾವಾ, ಯಾವಾಗ ಕಲಿತ್ರಿ ಇದನ್ನೆಲ್ಲ?"

"ದಿನಾ ಬೆಳಿಗ್ಗೆ ಆ ಫೋನಿನ ಜೊತೆ ಜಗಳ ಆಡ್ತೀಯಲ್ಲ, ಗೋಡೆ ಆಚೆ ಮಲಗಿರೋನು ಕಿವಿ ಮುಚ್ಕೊಳ್ಳಕ್ಕಾಗುತ್ತಾ? ನೀನು ಇಪ್ಪತ್ತು ಸಲ ಹೇಳಿದ್ರೆ ನಾನೂ ಇಪ್ಪತ್ತು ಸಲ. ಹೊದಿಕೆ ಒಳಗೆ."

ಬೆಗಾಯಿಮ್ ನಕ್ಕು ಅತ್ತೆಯ ಕಡೆ ತಿರುಗಿದಳು. ಅತ್ತೆ ನಗುತ್ತಿರಲಿಲ್ಲ. ಬೆರಣಿಯ ಚೂರು ಕೈಯಲ್ಲೇ ಉಳಿದಿತ್ತು; ಒಲೆಯ ಬಾಯಿ ತೆರೆದೇ ಇತ್ತು.

"ಓಯ್," ಎಂದರು ಅತ್ತೆ, ಗಂಡನ ಮುಖ ನೋಡದೆ. "ನನ್ನ ಹೆಸರು ಇನ್ನೊಂದ್ಸಲ ಹೇಳಿ."