ಮುಂಗೈ ಮೇಲಿನ ಹೆಸರು

ಗಗನಸಖಿಯ ಕೆಲಸಕ್ಕೆ ಇದು ಅವಳ ಎರಡನೆಯ ಸಂದರ್ಶನ. ಹೋದ ವರ್ಷ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಈ ಸಲವೂ ಎದುರಿಗೆ ಕೂತಿದ್ದವರು ಹೋದ ವರ್ಷದ ಅಧಿಕಾರಿಣಿಯೇ. ಎತ್ತರ, ಹಲ್ಲು, ನಡಿಗೆ ಎಲ್ಲ ನೋಡಿಯಾದ ಮೇಲೆ, "ತೋಳಿನ ಬಟ್ಟೆ ಮೇಲೆ ಸರಿಸಮ್ಮ" ಎಂದರು.

ಅವಳು ಸರಿಸಿದಳು. ಮುಂಗೈ ಮೇಲೆ ಬೆರಳುದ್ದದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು.

"ಇಲ್ಲಿ ಹಚ್ಚೆ ಇತ್ತಲ್ವಾ?"

"ಹೌದು ಮೇಡಂ, ಅಮ್ಮನ ಹೆಸರು. ಆಸ್ಪತ್ರೆಯಲ್ಲಿದ್ದಾಗ ಅಮ್ಮನೇ ಚೀಟಿ ಮೇಲೆ ಬರೆದುಕೊಟ್ಟಿದ್ರು. ಅವರು ಹೋದ್ಮೇಲೆ ಅದೇ ಅಕ್ಷರ ಹಾಕಿಸ್ಕೊಂಡಿದ್ದೆ."

"ಮತ್ತೆ ಯಾಕಮ್ಮ ತೆಗೆಸಿದೆ?"

"ಯೂನಿಫಾರ್ಮ್ ಹಾಕಿದಾಗ ಹಚ್ಚೆ ಕಾಣಬಾರದು, ಅಳಿಸ್ಕೊಂಡು ಬಾ ಅಂತ ನೀವೇ ಹೇಳಿದ್ರಲ್ಲ. ಲೇಸರ್‌ನಲ್ಲಿ ಎಂಟು ಸಲ ಸುಡಿಸ್ಕೊಂಡೆ."

ಅಧಿಕಾರಿಣಿ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು.

"ನೋಯುತ್ತಾ?"

"ಇಲ್ಲ ಮೇಡಂ. ಅಲ್ಲಿ ಏನೂ ಗೊತ್ತಾಗಲ್ಲ."

ಅವರು ಕನ್ನಡಕ ಏರಿಸಿಕೊಂಡು, ಮೇಜಿನ ಮೇಲಿದ್ದ ನಿಯಮಗಳ ಹಾಳೆ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಈ ವರ್ಷದಿಂದ ಹಚ್ಚೆಗೆ ಅಡ್ಡಿಯಿಲ್ಲ ಕಣಮ್ಮ. ಸುಟ್ಟ ಕಲೆ ಮಾತ್ರ ಕಾಣೋ ಹಾಗಿಲ್ಲ."