ಬೆಳ್ಳಿಬಣ್ಣದ ಮುಖ

"ಹಿಡ್ಕೊಳ್ಳಿ! ಪೇಪರಲ್ಲಿ ಬಂದಿದ್ದ ಅನ್ಯಗ್ರಹದವನು ಇವನೇ!" ಎಂದು ಯಾರೋ ಕೂಗಿದ್ದೇ ತಡ, ಕಬ್ಬಿಣದ ಸರಳೊಂದು ಪೇಂಟರನ ಭುಜಕ್ಕೆ ಅಪ್ಪಳಿಸಿತು. ಗೇಟುಗಳಿಗೆ ಬೆಳ್ಳಿಬಣ್ಣ ಸಿಂಪಡಿಸುತ್ತಿದ್ದ ಆ ಬಡಪಾಯಿ, ಮುಖಕ್ಕೆಲ್ಲ ಮೆತ್ತಿದ್ದ ಬಣ್ಣ ತೊಳೆಯಲೆಂದು ಬೀದಿ ನಲ್ಲಿಗೆ ಬಂದಿದ್ದನಷ್ಟೆ.

"ನಾನು ಮನುಷ್ಯ ಕಣ್ರಪ್ಪಾ!"

"ನಮ್ಮ ಮಾತು ಬೇರೆ ಕಲ್ತಿದಾನೆ ನೋಡ್ರೋ!"

ಎದುರಿನ ಸ್ಟುಡಿಯೋ ಬಾಗಿಲಲ್ಲಿ ನಿಂತು ಫೋಟೋಗ್ರಾಫರ್ ಇದನ್ನೆಲ್ಲ ನೋಡುತ್ತಿದ್ದ. ಅಂಗಡಿಗೆ ಹೆಸರು ಬರಲೆಂದು ಅದೇ ಬಣ್ಣ ಬಳಿದುಕೊಂಡು ತನ್ನದೇ ಚಿತ್ರ ತೆಗೆದು, 'ಮಕ್ಕಳನ್ನು ಹೊತ್ತೊಯ್ಯಲು ಬಂದಿದೆ' ಎಂದು ಉಪ್ಪುಖಾರ ಹಚ್ಚಿ ಪತ್ರಿಕೆಗೆ ಕೊಟ್ಟವನು ಅವನೇ. ಅಂದಿನಿಂದ ಊರೆಲ್ಲ ಅವನನ್ನು 'ಸಾರ್' ಎನ್ನುತ್ತಿತ್ತು. ಸರಳು ಈಗ ನೆಲಕ್ಕೆ ಬಿದ್ದಿದ್ದ ಪೇಂಟರನ ತಲೆಗೆ ನೇರವಾಗಿ ಎದ್ದಿತ್ತು. ಫೋಟೋಗ್ರಾಫರ್ ಓಡಿಬಂದು ಅವನ ಮೇಲೆ ಅಡ್ಡ ಬಿದ್ದ.

"ಬಿಡ್ರಪ್ಪಾ! ಫೋಟೋದಲ್ಲಿರೋದು ನಾನೇ. ಎಲ್ಲಾ ಸುಳ್ಳು!"

"ಹಂಗಾದ್ರೆ ನಮ್ಮನ್ನೆಲ್ಲಾ ಮಂಗ ಮಾಡಿದ್ಯೇನೋ?" ಎಂಬ ಮಾತಿನ ಬೆನ್ನಿಗೇ ಫೋಟೋಗ್ರಾಫರನಿಗೆ ಏಟು ಬಿತ್ತು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಸರಳು ಮತ್ತೆ ಗಾಳಿ ಸೀಳುವುದು ಕೇಳಿ ಅವನು ಹಲ್ಲು ಕಚ್ಚಿದ. ಆದರೆ ಆ ಏಟು ಅವನ ತಲೆಗೆ ತಾಗಲಿಲ್ಲ. ಕೆಳಗೆ ಬಿದ್ದಿದ್ದ ಪೇಂಟರ್ ಆ ತಲೆಯನ್ನು ಎದೆಗೆ ಅವಚಿಕೊಂಡು, ಅದರ ಮೇಲೆ ತನ್ನ ಬಲಗೈ ಹರಡಿದ್ದ.