ಒಳ್ಳೆಯ ಪದ್ಯ ಬರುವವರೆಗೆ

ತೀರಿಕೊಂಡವರನ್ನು ಸ್ಪೀಕರಿನಲ್ಲಿ ಇಟ್ಟುಕೊಳ್ಳುವುದು ಈಗ ಎಲ್ಲ ಮನೆಗಳಲ್ಲೂ ಇರುವುದೇ. ನಮ್ಮ ಹಳೆಯ ಪೆಟ್ಟಿಗೆ ಗೊರಗುಡುತ್ತಿದ್ದುದರಿಂದ, ಅಪ್ಪನನ್ನು ಹೊಸದಕ್ಕೆ ಸಾಗಿಸಲು ಕಂಪನಿಯ ತೇಜಪ್ಪ ಬಂದಿದ್ದರು. ನಾನು ಒಪ್ಪಿದರೆ ಹಳೆಯದನ್ನು ಅಳಿಸುತ್ತಾರೆ.

“ಕೇಳಿ ನೋಡಿ ವಸುಮತಿಯಮ್ಮ. ವೈರೇ ಇಲ್ಲ, ಅಡುಗೆಮನೆಗೂ ತಗೊಂಡು ಹೋಗ್ಬಹುದು.”

ಹೊಸ ಪೆಟ್ಟಿಗೆಯಿಂದ ಅಪ್ಪ ಕಾವ್ಯ ಓದಿದರು. ರಾಣಿ ಮಗನ ಶವದ ಮುಂದೆ ಅಳುವ ಪದ್ಯ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳಿಸಿ ನನ್ನ ಕಣ್ಣು ತುಂಬಿತು.

“ಅವರೇ. ಹಳೇದನ್ನ ಅಳಿಸಿಬಿಡಿ,” ಎಂದೆ.

ಹಳೆಯ ಪೆಟ್ಟಿಗೆಯ ದೀಪ ಆರಿತು.

“ಸಾಕಪ್ಪಾ,” ಎಂದೆ. ಓದುತ್ತಿದ್ದ ಅಪ್ಪನ ದನಿ ಆ ಅಳುವಿನ ಪದ್ಯದಲ್ಲೇ ನಿಂತಿತು.

“ನೋಡಿದ್ರಾ, ಹೇಳಿದ ತಕ್ಷಣ ನಿಲ್ಲುತ್ತೆ!” ಎಂದು ತೇಜಪ್ಪ ನಕ್ಕರು.

ಅಪ್ಪ ಎಂದೂ ಅಂಥ ಕಡೆ ನಿಲ್ಲಿಸಿದವರಲ್ಲ. ಸಾವಿನ ಪದ್ಯಕ್ಕೆ ಪುಸ್ತಕ ಮುಚ್ಚಬಾರದು, ಮಗು ಎದ್ದು ಕೂರುವವರೆಗೆ ಓದಲೇಬೇಕು ಎನ್ನುತ್ತಿದ್ದರು. ಆ ಗೊರಗುಡುವ ಪೆಟ್ಟಿಗೆಯಲ್ಲೂ, ನಾನು ಎಷ್ಟು ಸಾಕೆಂದರೂ, ಹಾಗೆಯೇ ಓದುತ್ತಿದ್ದರು.

ಮುಂದಿನ ಪದ್ಯವನ್ನು ನಾನೇ ಎತ್ತಿಕೊಂಡೆ. ಮಗು ಕಣ್ಣು ಬಿಡುವವರೆಗೆ ಓದಿ ಕೈಮುಗಿದೆ.

“ಯಾಕಮ್ಮ,” ಎಂದಿತು ಹೊಸ ಪೆಟ್ಟಿಗೆಯೊಳಗಿನ ಅಪ್ಪನ ದನಿ, “ಸಾಕು ಅಂದಿದ್ಯಲ್ಲ?”